ಕಂಟೇನರ್ ಚಾಲೂ ಆಗವಲ್ದು: ಆರ್ಮ್ ಯಂತ್ರಗಳಲ್ಲಿ ಡಾಕರ್ ದೋಷ ಹುಡುಕುವ ಕೈಪಿಡಿ

“ಹಳೇ ಲ್ಯಾಪ್‌ಟಾಪಿನ್ಯಾಗ ಚಲೋ ನಡೀತಿತ್ರಿ, ಹೊಸಾದ್ರಾಗ ಚಾಲೂನೇ ಆಗವಲ್ದು.” ಕಲಬುರಗಿಯಲ್ಲಿ ಡಾಕರ್ ಹಚ್ಚಿಕೊಂಡು ಕೆಲಸ ಮಾಡುವವರ ನಡುವೆ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ಹೊಸದು ಎಂದರೆ ಒಬ್ಬರಿಗೆ ಎಂ-ಸರಣಿಯ ಮ್ಯಾಕ್‌ಬುಕ್, ಇನ್ನೊಬ್ಬರಿಗೆ ಸ್ನಾಪ್‌ಡ್ರಾಗನ್ ಇರುವ ವಿಂಡೋಸ್ ಲ್ಯಾಪ್‌ಟಾಪ್, ಮತ್ತೊಬ್ಬರಿಗೆ ದಾಲ್ ಮಿಲ್ಲಿನ ವೇಬ್ರಿಜ್ ಕೋಣೆಯಲ್ಲಿ ಕೂತಿರುವ ರಾಸ್ಪ್‌ಬೆರಿ ಪೈ, ಇಲ್ಲವೇ ಬಾಡಿಗೆ ಕಡಿಮೆ ಎಂದು ಹಿಡಿದ ಆರ್ಮ್ ಕ್ಲೌಡ್ ಸರ್ವರ್. ಹೊರಗಿನ ರೂಪ ಬೇರೆ ಬೇರೆಯಾದರೂ ಒಳಗೆ ಇರುವುದು ಆರ್ಮ್ ಪ್ರೊಸೆಸರ್. ಹಳೆಯದರಲ್ಲಿ ಇದ್ದದ್ದು ಇಂಟೆಲ್ ಅಥವಾ ಎಎಂಡಿ.

ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಫೈಲುಗಳ ಸಮೇತ ಕಟ್ಟಿಟ್ಟ ಗಂಟಿಗೆ ಇಮೇಜ್ ಎನ್ನುತ್ತಾರೆ; ಅದನ್ನು ಡಾಕರ್ ಎಂಬ ತಂತ್ರಾಂಶ ಓಡಿಸಿದಾಗ ಆಗುವುದು ಕಂಟೇನರ್. ಕಂಟೇನರ್ ತನ್ನದೇ ಪ್ರೊಸೆಸರನ್ನು ಹೊತ್ತುಕೊಂಡು ಬರುವುದಿಲ್ಲ. ಅದರೊಳಗಿನ ಪ್ರೋಗ್ರಾಂ ನಿಮ್ಮ ಯಂತ್ರದ ಪ್ರೊಸೆಸರಿನ ಮೇಲೆಯೇ ನೇರವಾಗಿ ಓಡಬೇಕು. ಇಂಟೆಲ್‌ಗಾಗಿ ತಯಾರಾದ ಪ್ರೋಗ್ರಾಂ ಕೊಡುವ ಆದೇಶಗಳು ಆರ್ಮ್‌ಗೆ ಅರ್ಥವಾಗುವುದಿಲ್ಲ. “ಎಲ್ಲೇ ಇಟ್ಟರೂ ಓಡುತ್ತದೆ” ಎಂದು ಕಂಟೇನರ್ ಬಗ್ಗೆ ಕಾಲೇಜಿನಲ್ಲಿ ಕಲಿಸುವ ಮಾತು ಒಂದೇ ಜಾತಿಯ ಪ್ರೊಸೆಸರ್‌ಗಳ ನಡುವೆ ಮಾತ್ರ ನಿಜ.

ಆದರೆ ಹೊಸ ಯಂತ್ರದಲ್ಲಿ ಕಾಣುವ ಪ್ರತಿಯೊಂದು ತೊಂದರೆಯೂ ಪ್ರೊಸೆಸರಿನದಲ್ಲ. ಬಿಸಿಲು, ಅಗ್ಗದ ಚಾರ್ಜರ್, ಮೆಮೊರಿ ಕೊರತೆ, ವಿಂಡೋಸ್‌ನಲ್ಲಿ ತಿದ್ದಿದ ಒಂದು ಸ್ಕ್ರಿಪ್ಟ್, ಇವೂ ಅದೇ ವೇಷದಲ್ಲಿ ಬರುತ್ತವೆ. ಹಾಗಾಗಿ ನಿಮಗೆ ಪರದೆಯ ಮೇಲೆ ಕಾಣುವ ಲಕ್ಷಣದಿಂದ ಶುರು ಮಾಡಿ, ಖರ್ಚಿಲ್ಲದ ತಪಾಸಣೆಗಳನ್ನು ಮೊದಲು ಮುಗಿಸೋಣ.

ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹೊಡೆಯಿರಿ.

## ಏನನ್ನೂ ಮುಟ್ಟುವ ಮೊದಲು

ಯಂತ್ರದಲ್ಲಿ ನಿಜವಾದ ಲೆಕ್ಕಪತ್ರ ಇದ್ದರೆ, ಅಂದರೆ ತೂಕದ ಚೀಟಿಗಳು, ಬಿಲ್ಲುಗಳು, ವಿದ್ಯಾರ್ಥಿಗಳ ಅಂಕಗಳು ಇದ್ದರೆ, ಮೊದಲು ಡೇಟಾಬೇಸಿನ ಡಂಪ್ (ಒಳಗಿನ ಮಾಹಿತಿಯನ್ನೆಲ್ಲ ಬರೆದಿಟ್ಟ ಫೈಲ್) ತೆಗೆದು ಬೇರೆ ಡಿಸ್ಕಿಗೆ ಹಾಕಿ. ಡೇಟಾಬೇಸ್ ಕಂಟೇನರೇ ಏಳದಿದ್ದರೆ ಅದನ್ನು ಪೂರ್ತಿ ನಿಲ್ಲಿಸಿ, ಅದರ ಮಾಹಿತಿ ಉಳಿಯುವ ವಾಲ್ಯೂಮ್ ಫೋಲ್ಡರನ್ನು ಇದ್ದ ಹಾಗೇ ನಕಲು ಮಾಡಿಡಿ.

ಕಂಟೇನರ್ ಕೈಕೊಟ್ಟಾಗ ಎಲ್ಲರೂ ಮೊದಲು ಮಾಡುವುದು ‘ಡಾಕರ್ ಕಂಪೋಸ್ ಡೌನ್’. ಅದರ ಹಿಂದೆ ‘-ವಿ’ ಸೇರಿಸಿದರೆ ವಾಲ್ಯೂಮ್‌ಗಳೂ, ಅವುಗಳ ಒಳಗಿನ ಡೇಟಾಬೇಸೂ ಅಳಿಸಿಹೋಗುತ್ತವೆ. ‘ಡಾಕರ್ ಸಿಸ್ಟಮ್ ಪ್ರೂನ್’ಗೆ ‘--ವಾಲ್ಯೂಮ್ಸ್’ ಜೋಡಿಸುವುದೂ ಅಪಾಯ. ಪ್ರೊಸೆಸರ್ ಹೊಂದಾಣಿಕೆಯ ದೋಷ ವಾಲ್ಯೂಮ್ ಅಳಿಸುವುದರಿಂದ ಹೋಗುವುದೂ ಇಲ್ಲ. ಇನ್ನು ಎಲ್ಲ ಇಮೇಜ್ ಅಳಿಸಿ ಮತ್ತೆ ಇಳಿಸಿಕೊಳ್ಳುವ ಉಪಾಯ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ನಡೆಯುವವರಿಗೆ ಅದರಿಂದ ದಿನದ ಡೇಟಾ ಖಾಲಿಯಾಗುತ್ತದೆ, ದೋಷ ಅಲ್ಲೇ ಉಳಿದಿರುತ್ತದೆ.

## ಎಲ್ಲ ಲಕ್ಷಣಕ್ಕೂ ಮೊದಲ ತಪಾಸಣೆ: ಮೂರು ಕಡೆ ಕೇಳಿ

ಯಂತ್ರ ಯಾವುದು, ಇಮೇಜ್ ಯಾವುದಕ್ಕೆ, ಇಮೇಜಿನ ಒಳಗಿನ ಪ್ರೋಗ್ರಾಂ ಯಾವುದಕ್ಕೆ? ಬಹುಪಾಲು ದೋಷ ಈ ಮೂರರಲ್ಲಿ ಯಾವುದೋ ಎರಡರ ನಡುವೆ ಕೂತಿರುತ್ತದೆ.

ಯಂತ್ರಕ್ಕೆ ‘ಯುನೇಮ್ -ಎಂ’. ‘ಎಕ್ಸ್86_64’ ಎಂದು ಬಂದರೆ ಹಳೆಯ ಜಾತಿ. ಲಿನಕ್ಸ್‌ನಲ್ಲಿ ‘ಎಆರ್ಚ್64’, ಮ್ಯಾಕ್‌ನಲ್ಲಿ ‘ಆರ್ಮ್64’ ಎಂದು ಬಂದರೆ ಆರ್ಮ್, ಎರಡೂ ಒಂದೇ. ಡಾಕರ್ ಹಳೆಯ ಜಾತಿಯನ್ನು ‘ಎಎಂಡಿ64’ ಎಂದು ಕರೆಯುತ್ತದೆ. ನಿಮ್ಮದು ಇಂಟೆಲ್ ಯಂತ್ರವಾದರೂ ಅದೇ ಹೆಸರು ಬರುತ್ತದೆ, ಗಾಬರಿ ಬೇಡ.

ಇಮೇಜಿಗೆ ‘ಡಾಕರ್ ಇಮೇಜ್ ಇನ್‌ಸ್ಪೆಕ್ಟ್’ ಎಂದು ಹೊಡೆದು ಇಮೇಜ್ ಹೆಸರು ಕೊಡಿ. ಬರುವ ಉದ್ದ ಪಟ್ಟಿಯಲ್ಲಿ ‘ಆರ್ಕಿಟೆಕ್ಚರ್’ ಎಂಬ ಸಾಲು ಹುಡುಕಿ.

ಮೂರನೆಯದಕ್ಕೆ ಸ್ವಲ್ಪ ಕೈಕೆಲಸ ಬೇಕು. ‘ಡಾಕರ್ ಸಿಪಿ’ ಬಳಸಿ ಪ್ರೋಗ್ರಾಂ ಫೈಲನ್ನು ಕಂಟೇನರಿನಿಂದ ಹೊರಗೆ ತನ್ನಿ. ನಿಂತುಹೋದ ಕಂಟೇನರಿನಿಂದಲೂ ತರಬಹುದು. ಆಮೇಲೆ ಅದರ ಮೇಲೆ ‘ಫೈಲ್’ ಕಮಾಂಡ್ ಓಡಿಸಿದರೆ ಅದು ಯಾವ ಪ್ರೊಸೆಸರಿನದು ಎಂದು ಹೇಳಿಬಿಡುತ್ತದೆ.

ರಾಸ್ಪ್‌ಬೆರಿ ಪೈ ಇಟ್ಟುಕೊಂಡವರಿಗೆ ಇನ್ನೊಂದು ತಪಾಸಣೆ ಇದೆ. 32 ಬಿಟ್ ಓಎಸ್ ಹಾಕಿದ ಪೈ 4ರಲ್ಲೂ ಕರ್ನಲ್ (ಓಎಸ್ ತಿರುಳು) 64 ಬಿಟ್ ಇರಬಹುದು. ಆಗ ‘ಯುನೇಮ್’ ನಿಮಗೆ ‘ಎಆರ್ಚ್64’ ಎಂದು ತೋರಿಸುತ್ತದೆ, ಆದರೆ ಮೇಲಿನ ವ್ಯವಸ್ಥೆ, ಡಾಕರ್ ಸಮೇತ, 32 ಬಿಟ್‌ನದೇ. ‘ಡಿಪಿಕೆಜಿ --ಪ್ರಿಂಟ್-ಆರ್ಕಿಟೆಕ್ಚರ್’ ಕೇಳಿ. ‘ಆರ್ಮ್‌ಎಚ್‌ಎಫ್’ ಎಂದರೆ 32 ಬಿಟ್. ಇದಕ್ಕೆ ಔಷಧ ಒಂದೇ: ಕಾರ್ಡಿಗೆ 64 ಬಿಟ್ ಓಎಸ್ ಹೊಸದಾಗಿ ಹಾಕುವುದು. 32ರ ಮೇಲೆ ಹೇಗಾದರೂ ನಡೆಸಬೇಕೆಂದು ಗುದ್ದಾಡುವುದು ವ್ಯರ್ಥ. ದಿನ ಕಳೆದಂತೆ 32 ಬಿಟ್ ಇಮೇಜ್‌ಗಳು ಸಿಗುವುದೇ ಕಡಿಮೆಯಾಗುತ್ತಿದೆ.

## ಲಕ್ಷಣ: ಇಳಿಸಿಕೊಳ್ಳುವಾಗಲೇ ‘ನೋ ಮ್ಯಾಚಿಂಗ್ ಮ್ಯಾನಿಫೆಸ್ಟ್’

ಇದು ಒಳ್ಳೆಯ ಲಕ್ಷಣ, ಏಕೆಂದರೆ ಡಾಕರ್ ಸುಳ್ಳು ಹೇಳುತ್ತಿಲ್ಲ. ನೀವು ಕೇಳಿದ ಇಮೇಜಿಗೆ ಆರ್ಮ್ ಆವೃತ್ತಿ ಇಲ್ಲ ಎಂದು ನೇರವಾಗಿ ತಿಳಿಸುತ್ತಿದೆ.

ಮೊದಲು ಟ್ಯಾಗ್, ಅಂದರೆ ಇಮೇಜ್ ಹೆಸರಿನ ಕೊನೆಯ ಆವೃತ್ತಿ ಗುರುತು, ಬದಲಿಸಿ ನೋಡಿ. ಆ್ಯಪಲ್ ಎಂ1 ಬಂದದ್ದು 2020ರ ನವೆಂಬರ್‌ನಲ್ಲಿ. ಆಮೇಲೆ ಜನಪ್ರಿಯ ಇಮೇಜ್‌ಗಳು ಇನ್ನೂ ಹಲವು ಆರ್ಮ್ ಆವೃತ್ತಿಯನ್ನೂ ಸೇರಿಸಿಕೊಂಡವು. ಪೋಸ್ಟ್‌ಗ್ರೆಸ್, ರೆಡಿಸ್, ಎಂಜಿನೆಕ್ಸ್, ಮರಿಯಾಡಿಬಿ, ನೋಡ್, ಪೈಥಾನ್ ಯಾವುದೂ ಈಗ ತೊಂದರೆ ಕೊಡುವುದಿಲ್ಲ. ಸಿಕ್ಕಿಕೊಳ್ಳುವುದು ಹಳೆಯ ಟ್ಯಾಗ್‌ಗಳಲ್ಲಿ. ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಹಿರಿಯರಿಂದ ಕಿರಿಯರಿಗೆ ಕೈಬದಲಾಗುತ್ತ ಬಂದ ಕಂಪೋಸ್ ಫೈಲುಗಳಲ್ಲಿ (ಯಾವ ಯಾವ ಕಂಟೇನರ್ ಬೇಕೆಂದು ಬರೆದಿಟ್ಟ ಪಟ್ಟಿ) ಮೈಎಸ್‌ಕ್ಯೂಎಲ್ 5.7 ಹಾಗೇ ಕೂತಿರುತ್ತದೆ. ಅದರ ಅಧಿಕೃತ ಇಮೇಜಿಗೆ ಆರ್ಮ್ ಆವೃತ್ತಿ ಇಲ್ಲ, ಅದರ ಆಯುಷ್ಯವೂ 2023ರ ಅಕ್ಟೋಬರ್‌ಗೆ ಮುಗಿದಿದೆ. 8ಕ್ಕೆ ಏರಿಸಿ, ಇಲ್ಲವೇ ಮರಿಯಾಡಿಬಿ ಹಾಕಿ. ಹಳೆಯ ದತ್ತಾಂಶವಿದ್ದರೆ ಡಂಪ್ ಮೂಲಕ ತನ್ನಿ.

ಇಮೇಜಿಗೆ ಏನೇನು ಆವೃತ್ತಿಗಳಿವೆ ಎಂದು ಇಳಿಸಿಕೊಳ್ಳದೆಯೇ ನೋಡಬಹುದು: ‘ಡಾಕರ್ ಬಿಲ್ಡ್‌ಎಕ್ಸ್ ಇಮೇಜ್‌ಟೂಲ್ಸ್ ಇನ್‌ಸ್ಪೆಕ್ಟ್’. ಕೆಲವು ಕೆಬಿಗಳಲ್ಲಿ ಮುಗಿಯುತ್ತದೆ. ಯಂತ್ರ ಕೊಳ್ಳುವ ಮುಂಚೆಯೇ ಈ ಕೆಲಸ ಮಾಡುವವರು ಬುದ್ಧಿವಂತರು.

ಯಾವ ಟ್ಯಾಗಿನಲ್ಲೂ ಆರ್ಮ್ ಇಲ್ಲ, ಅದು ಯಾವುದೋ ಕಂಪನಿಯ ಮುಚ್ಚಿದ ಸಾಫ್ಟ್‌ವೇರ್ ಎಂದಾದರೆ, ಎಮ್ಯುಲೇಷನ್ ಒಂದೇ ದಾರಿ. ಅದರ ಕಥೆ ಮುಂದೆ ಬರುತ್ತದೆ.

## ಲಕ್ಷಣ: ಏಳುತ್ತಿದ್ದಂತೆ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದೇ, ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದೂ ಇದೇ. ಕರ್ನಲ್ ಹೇಳುತ್ತಿರುವುದು ಇಷ್ಟೇ: “ಈ ಫೈಲನ್ನು ಓಡಿಸು ಎಂದಿರಿ, ಇದು ಓಡಿಸುವಂಥದ್ದು ಎಂದು ನನಗೆ ಗುರುತು ಸಿಗಲಿಲ್ಲ.” ಯಾಕೆ ಸಿಗಲಿಲ್ಲ ಎಂಬುದಕ್ಕೆ ಹಲವು ಕಾರಣಗಳಿರುತ್ತವೆ.

ಪೆನ್‌ಡ್ರೈವ್‌ನಿಂದ ಶುರು ಮಾಡಿ. ಇಂಟರ್ನೆಟ್ ನಿಧಾನ ಇರುವಲ್ಲಿ ಗೆಳೆಯನ ಯಂತ್ರದಿಂದ ‘ಡಾಕರ್ ಸೇವ್’ ಮಾಡಿ ತಂದು ಇಲ್ಲಿ ‘ಲೋಡ್’ ಮಾಡುವುದು ನಮ್ಮ ಹಾಸ್ಟೆಲ್‌ಗಳಲ್ಲಿ ಸಾಮಾನ್ಯ. ಗೆಳೆಯನದು ಇಂಟೆಲ್ ಯಂತ್ರವಾದರೆ ನೀವು ತಂದದ್ದು ಎಎಂಡಿ64 ಇಮೇಜ್. ‘ಲೋಡ್’ ಆಗುವಾಗ ಯಾವ ತಕರಾರೂ ಬರುವುದಿಲ್ಲ, ಎಮ್ಯುಲೇಷನ್ ಇಲ್ಲದ ಯಂತ್ರವಾದರೆ ಓಡಿಸುವಾಗ ಬೀಳುತ್ತದೆ. ಗೆಳೆಯನ ಯಂತ್ರದಲ್ಲೇ ‘ಡಾಕರ್ ಪುಲ್’ಗೆ ‘--ಪ್ಲಾಟ್‌ಫಾರ್ಮ್ ಲಿನಕ್ಸ್/ಆರ್ಮ್64’ ಸೇರಿಸಿ ಇಳಿಸಿ, ಅದನ್ನು ಸೇವ್ ಮಾಡಿ. ಆದರೆ ಆಮೇಲೆ ಆ ಟ್ಯಾಗ್ ಅವನ ಯಂತ್ರದಲ್ಲಿ ಆರ್ಮ್ ಇಮೇಜನ್ನೇ ತೋರಿಸುತ್ತಿರಬಹುದು. ಮರುದಿನ ಅವನಿಗೆ ಇದೇ ದೋಷ ಬರುತ್ತದೆ. ಅವನದನ್ನು ಮತ್ತೆ ಎಎಂಡಿ64 ಎಂದು ಇಳಿಸಿ ಸರಿಮಾಡಿಟ್ಟೇ ಹೊರಡಿ.

ನಿಮ್ಮ ಯಂತ್ರದಲ್ಲೂ ಇದೇ ಆಗಿರಬಹುದು. ಹಿಂದೆ ಯಾವಾಗಲೋ ಎಎಂಡಿ64 ಎಂದು ಕೇಳಿ ಇಳಿಸಿದ ಇಮೇಜ್ ಸ್ಥಳೀಯವಾಗಿ ಉಳಿದಿದ್ದರೆ ಡಾಕರ್ ಅದನ್ನೇ ಎತ್ತಿಕೊಳ್ಳುತ್ತದೆ. ಆ ಒಂದು ಇಮೇಜನ್ನು ಮಾತ್ರ ‘ಡಾಕರ್ ಇಮೇಜ್ ಆರ್‌ಎಂ’ ಮಾಡಿ ಮತ್ತೆ ಇಳಿಸಿ.

ತಿರುಗುಮುರುಗಿನ ಪ್ರಕರಣವೂ ಬಹಳ. ಮ್ಯಾಕ್‌ಬುಕ್‌ನಲ್ಲಿ ಬಿಲ್ಡ್ ಮಾಡಿದ ಇಮೇಜ್ ಮ್ಯಾಕ್‌ಬುಕ್‌ನಲ್ಲಿ ಸೊಗಸಾಗಿ ನಡೆಯುತ್ತದೆ, ಇಂಟೆಲ್ ಸರ್ವರಿಗೆ ಹೋದೊಡನೆ ಬೀಳುತ್ತದೆ. ಬೈಗುಳ ಸರ್ವರಿಗೆ. ಬಿಲ್ಡ್ ಮಾಡುವಾಗಲೇ ‘ಡಾಕರ್ ಬಿಲ್ಡ್‌ಎಕ್ಸ್ ಬಿಲ್ಡ್’ಗೆ ‘--ಪ್ಲಾಟ್‌ಫಾರ್ಮ್ ಲಿನಕ್ಸ್/ಎಎಂಡಿ64,ಲಿನಕ್ಸ್/ಆರ್ಮ್64’ ಎಂದು ಎರಡನ್ನೂ ಕೊಟ್ಟು ‘--ಪುಶ್’ ಮಾಡಿದರೆ ಒಂದೇ ಹೆಸರಿನಡಿ ಎರಡೂ ಆವೃತ್ತಿ ಇರುತ್ತವೆ, ಯಾವ ಯಂತ್ರ ಕೇಳಿದರೂ ತನ್ನದನ್ನು ಪಡೆಯುತ್ತದೆ. ತಂಡದಲ್ಲಿ ಒಬ್ಬರಾದರೂ ಆರ್ಮ್ ಯಂತ್ರ ತಂದರೆಂದರೆ ಅಂದಿನಿಂದಲೇ ಇದನ್ನು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ಪ್ರೊಸೆಸರಿಗೆ ಸಂಬಂಧವೇ ಇಲ್ಲದ ಕಾರಣಗಳು. ಶುರುವಿನ ಸ್ಕ್ರಿಪ್ಟಿನ ಮೊದಲ ಸಾಲು ‘#!’ ಇಂದ ಆರಂಭವಾಗದಿದ್ದರೆ ಇದೇ ಸಂದೇಶ ಬರುತ್ತದೆ. ಫೈಲ್ ಖಾಲಿ, ಅಂದರೆ ಸೊನ್ನೆ ಬೈಟ್ ಇದ್ದರೂ ಬರುತ್ತದೆ. ಪೈ ಮೇಲೆ ಇಮೇಜ್ ಇಳಿಯುತ್ತಿದ್ದಾಗ ಕರೆಂಟ್ ಹೋಗಿ ಬಂದಿದ್ದರೆ ಮೆಮೊರಿ ಕಾರ್ಡಿನಲ್ಲಿ ಇಂಥ ಸೊನ್ನೆ ಬೈಟ್ ಫೈಲುಗಳು ಉಳಿಯುತ್ತವೆ. ನಿನ್ನೆಯವರೆಗೆ ಸರಿಯಾಗಿ ನಡೆದ ಇಮೇಜ್ ಇವತ್ತು ಈ ದೋಷ ತೋರಿಸಿದರೆ ಪ್ರೊಸೆಸರನ್ನು ಬಿಡಿ, ಕಾರ್ಡನ್ನು ಅನುಮಾನಿಸಿ. ರಾತ್ರಿ ಬೆಳಗಾಗುವುದರೊಳಗೆ ಪ್ರೊಸೆಸರಿನ ಜಾತಿ ಬದಲಾಗುವುದಿಲ್ಲ.

## ಲಕ್ಷಣ: ಫೈಲ್ ಕಣ್ಣೆದುರೇ ಇದೆ, ಆದರೂ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’

ಸಂದೇಶದಲ್ಲಿ ‘ಎಲ್‌ಡಿ-ಲಿನಕ್ಸ್-ಎಕ್ಸ್86-64’ ಎಂಬ ತುಣುಕು ಇದೆಯೇ ನೋಡಿ. ಮ್ಯಾಕ್‌ನಲ್ಲಿ ಇದು ‘ರೊಸೆಟ್ಟಾ ಎರರ್: ಫೇಲ್ಡ್ ಟು ಓಪನ್ ಎಲ್ಫ್’ ಎಂದು ಶುರುವಾಗುತ್ತದೆ, ಬೇರೆಡೆ ‘ಕ್ಯೂಇಎಂಯು’ ಹೆಸರಿನಿಂದ; ಎರಡೂ ಎಎಂಡಿ64 ಪ್ರೋಗ್ರಾಮನ್ನು ಆರ್ಮ್ ಮೇಲೆ ಓಡಿಸುವ ಎಮ್ಯುಲೇಷನ್ ತಂತ್ರಾಂಶಗಳು. ಅರ್ಥ ಖಚಿತ: ಇಮೇಜ್ ಆರ್ಮ್‌ನದೇ, ಆದರೆ ಅದರೊಳಗೆ ಯಾರೋ ಎಎಂಡಿ64 ಪ್ರೋಗ್ರಾಂ ತಂದು ಹಾಕಿದ್ದಾರೆ. ಮೇಲೆ ಹೇಳಿದ ಮೂರನೆಯ ಪ್ರಶ್ನೆ ಇರುವುದೇ ಇದಕ್ಕಾಗಿ. ಇಮೇಜನ್ನು ಎಷ್ಟು ಸಲ ಇನ್‌ಸ್ಪೆಕ್ಟ್ ಮಾಡಿದರೂ ‘ಆರ್ಮ್64’ ಎಂದೇ ಹೇಳುತ್ತಿರುತ್ತದೆ.

ಇಮೇಜ್ ತಯಾರಿಸುವ ಹೆಜ್ಜೆಗಳನ್ನು ಬರೆದ ಡಾಕರ್‌ಫೈಲ್ ತೆರೆದು ‘ಕರ್ಲ್’ ಅಥವಾ ‘ವಿಗೆಟ್’ ಇರುವ ಸಾಲುಗಳನ್ನು ಓದಿ. ಇಳಿಸಿಕೊಳ್ಳುವ ವಿಳಾಸದಲ್ಲಿ ‘ಎಎಂಡಿ64’ ಅಥವಾ ‘ಎಕ್ಸ್86_64’ ಎಂದು ಗಟ್ಟಿಯಾಗಿ ಬರೆದಿಟ್ಟಿದ್ದರೆ ದೋಷ ಅಲ್ಲಿದೆ. ಆ ಜಾಗದಲ್ಲಿ ಡಾಕರ್ ಬಿಲ್ಡ್ ಸಾಧನವಾದ ಬಿಲ್ಡ್‌ಕಿಟ್ ತಾನೇ ತುಂಬಿಕೊಡುವ ‘ಟಾರ್ಗೆಟ್‌ಆರ್ಚ್’ (ದೊಡ್ಡಕ್ಷರದಲ್ಲಿ) ಎಂಬ ಚರವನ್ನು ಬಳಸಿ. ಮೊದಲು ‘ಆರ್ಗ್’ ಸಾಲಿನಲ್ಲಿ ಅದನ್ನು ಘೋಷಿಸುವುದನ್ನು ಮರೆಯಬೇಡಿ. ಕೆಲವು ತಂತ್ರಾಂಶಗಳು ತಮ್ಮ ಫೈಲಿಗೆ ‘ಎಆರ್ಚ್64’ ಎಂದು ಹೆಸರಿಟ್ಟಿರುತ್ತವೆ, ಅಲ್ಲಿ ಚಿಕ್ಕ ಷರತ್ತು ಬರೆಯಬೇಕಾಗುತ್ತದೆ.

ಸಂದೇಶದಲ್ಲಿ ಅಂಥ ತುಣುಕು ಇಲ್ಲವೇ? ಹಾಗಾದರೆ ಸ್ಕ್ರಿಪ್ಟಿನ ಸಾಲುಕೊನೆ ನೋಡಿ. ವಿಂಡೋಸ್‌ನಲ್ಲಿ ತಿದ್ದಿದ ಫೈಲಿನ ಪ್ರತಿ ಸಾಲಿನ ತುದಿಯಲ್ಲೂ ಕಣ್ಣಿಗೆ ಕಾಣದ ಒಂದು ಹೆಚ್ಚುವರಿ ಅಕ್ಷರ ಇರುತ್ತದೆ. ವಿಎಸ್ ಕೋಡ್‌ನ ಕೆಳಮೂಲೆಯಲ್ಲಿ ‘ಸಿಆರ್‌ಎಲ್‌ಎಫ್’ ಎಂದು ಕಂಡರೆ ಅದನ್ನು ಒತ್ತಿ ‘ಎಲ್‌ಎಫ್’ ಮಾಡಿ ಉಳಿಸಿ, ಮತ್ತೆ ಬಿಲ್ಡ್ ಮಾಡಿ. ಅದೂ ಅಲ್ಲವೆಂದರೆ, ಡೆಬಿಯನ್‌ಗಾಗಿ ತಯಾರಾದ ಪ್ರೋಗ್ರಾಮನ್ನು ಆಲ್ಪೈನ್ ಇಮೇಜಿನಲ್ಲಿ ಇಟ್ಟಿರಬಹುದು. ಆಲ್ಪೈನ್‌ನ ಸಿ ಲೈಬ್ರರಿ ಬೇರೆ. ತಳದ ಇಮೇಜನ್ನು ಡೆಬಿಯನ್ ಸ್ಲಿಮ್‌ಗೆ ಬದಲಿಸಿ.

## ಲಕ್ಷಣ: ಏಳುತ್ತದೆ, ಆದರೆ ತೆವಳುತ್ತದೆ

ಓಡಿಸಿದಾಗ ‘ಇಮೇಜಿನ ಪ್ಲಾಟ್‌ಫಾರ್ಮ್ ಯಂತ್ರಕ್ಕೆ ಹೊಂದುತ್ತಿಲ್ಲ’ ಎಂಬರ್ಥದ ವಾರ್ನಿಂಗ್ ಒಂದು ಬಂದು ಹೋಗುತ್ತದೆ. ಹೇಗೂ ಚಾಲೂ ಆಯಿತಲ್ಲ ಎಂದು ಎಲ್ಲರೂ ಅದನ್ನು ಬಿಟ್ಟುಬಿಡುತ್ತಾರೆ. ಆಗ ನಡೆಯುತ್ತಿರುವುದು ಎಮ್ಯುಲೇಷನ್. ವೇದಿಕೆಯ ಮೇಲೆ ಒಬ್ಬರು ಉರ್ದುವಿನಲ್ಲಿ ಮಾತಾಡುತ್ತಿದ್ದರೆ ಪಕ್ಕದಲ್ಲಿ ಇನ್ನೊಬ್ಬರು ನಿಂತು ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ತರುವ ಹಾಗೆ, ಎಎಂಡಿ64 ಆದೇಶಗಳನ್ನು ಆರ್ಮ್‌ಗೆ ಬದಲಿಸುತ್ತ ಹೋಗಬೇಕು. ಕೆಲಸ ಆಗುತ್ತದೆ, ಹೊತ್ತು ಹಿಡಿಯುತ್ತದೆ.

ಮೊದಲ ತಪಾಸಣೆ, ಇದು ನಿಮಗೆ ನಿಜಕ್ಕೂ ಬೇಕೇ ಎಂಬುದು. ಇಂಟರ್ನೆಟ್ಟಿನಿಂದ ಎತ್ತಿದ ಕಂಪೋಸ್ ಫೈಲಿನಲ್ಲಿ ‘ಪ್ಲಾಟ್‌ಫಾರ್ಮ್: ಲಿನಕ್ಸ್/ಎಎಂಡಿ64’ ಎಂಬ ಸಾಲು ಉಳಿದಿರುತ್ತದೆ. 2021ರಲ್ಲಿ ಅದು ಬೇಕಿತ್ತು, ಈಗ ಆ ಇಮೇಜಿಗೆ ಆರ್ಮ್ ಆವೃತ್ತಿ ಬಂದಿರಬಹುದು. ಡಾಕರ್‌ಫೈಲಿನ ‘ಫ್ರಮ್’ ಸಾಲಿನಲ್ಲೂ ಹಾಗೇ ಹುಡುಕಿ. ಅಲ್ಲೂ ಇಲ್ಲದಿದ್ದರೆ ನಿಮ್ಮ ಶೆಲ್‌ನ ಸೆಟ್ಟಿಂಗ್ ಫೈಲಿನಲ್ಲಿ ‘ಡಾಕರ್_ಡಿಫಾಲ್ಟ್_ಪ್ಲಾಟ್‌ಫಾರ್ಮ್’ (ದೊಡ್ಡಕ್ಷರದಲ್ಲಿ) ಎಂಬ ಚರ ಇದೆಯೇ ನೋಡಿ. ಅದೊಂದು ಇದ್ದರೆ ಯಂತ್ರದ ಎಲ್ಲ ಕಂಟೇನರ್‌ಗಳೂ ತೆವಳುತ್ತವೆ. ಸಾಲು ಅಳಿಸಿ, ಇಮೇಜ್ ಮತ್ತೆ ಇಳಿಸಿ. ಅರ್ಧಕ್ಕರ್ಧ ಜನರ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಎಮ್ಯುಲೇಷನ್ ಬಿಟ್ಟರೆ ಗತಿಯಿಲ್ಲ ಎಂದಾದರೆ, ಮ್ಯಾಕ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್‌ನ ಸೆಟ್ಟಿಂಗ್‌ಗಳಲ್ಲಿ ರೊಸೆಟ್ಟಾ ಬಳಸುವ ಆಯ್ಕೆಯನ್ನು ಹಾಕಿ. ಕ್ಯೂಇಎಂಯುಗಿಂತ ಅದು ಸಾಮಾನ್ಯವಾಗಿ ಬೇಗ ನಡೆಯುತ್ತದೆ. ಪೈ ಅಥವಾ ಆರ್ಮ್ ಲಿನಕ್ಸ್ ಸರ್ವರ್‌ನಲ್ಲಿ ಕ್ಯೂಇಎಂಯು ಹಾಕಿಕೊಂಡರೆ ಎಎಂಡಿ64 ಇಮೇಜ್ ಏಳಬಹುದು, ಆದರೆ ಪೈನಂಥ ಚಿಕ್ಕ ಯಂತ್ರದಲ್ಲಿ ಅದರಿಂದ ದಿನನಿತ್ಯದ ಕೆಲಸ ನಿರೀಕ್ಷಿಸಬೇಡಿ.

ಫೈಲ್ ಉಳಿಸಿದರೂ ಪುಟ ತಾನಾಗಿ ಹೊಸದಾಗುತ್ತಿಲ್ಲ ಎಂಬ ದೂರೂ ಇಲ್ಲಿಯದೇ. ಕ್ಯೂಇಎಂಯು ಎಮ್ಯುಲೇಷನ್‌ನಲ್ಲಿ ಫೈಲ್ ಬದಲಾವಣೆಯ ಸೂಚನೆ ಕೊಡುವ ‘ಐನೋಟಿಫೈ’ ಕೆಲಸ ಮಾಡುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ: ಎಮ್ಯುಲೇಷನ್ ಮೇಲೆ ಕೋಡ್ ಬರೆದು ನೋಡಿ, ಪರೀಕ್ಷೆ ಮಾಡಿ, ಅಡ್ಡಿಯಿಲ್ಲ. ಆದರೆ ಜನರ ದುಡ್ಡಿನ ಲೆಕ್ಕ ಇರುವ ಡೇಟಾಬೇಸನ್ನು ಅದರ ಮೇಲೆ ಕೂರಿಸಬೇಡಿ. ತೊಗರಿ ಸುಗ್ಗಿಯ ಹೊತ್ತಿನಲ್ಲಿ ಮಿಲ್ಲಿನ ಗೇಟಿಗೆ ಲಾರಿಗಳು ಸಾಲು ಹಚ್ಚಿ ನಿಂತಿರುವಾಗ ಅದು ಕೈಕೊಟ್ಟರೆ ಉತ್ತರ ಹೇಳಬೇಕಾದವರು ನೀವು.

## ಲಕ್ಷಣ: ನಡೆಯುತ್ತಿದ್ದದ್ದು ಸದ್ದಿಲ್ಲದೆ ಸಾಯುತ್ತದೆ

‘ಡಾಕರ್ ಪಿಎಸ್ -ಎ’ ಹೊಡೆದು ‘ಎಕ್ಸಿಟೆಡ್’ ಪಕ್ಕದ ಆವರಣದಲ್ಲಿರುವ ಸಂಖ್ಯೆ ಓದಿ. ಲಾಗ್ ಖಾಲಿ ಇದ್ದರೂ ಈ ಸಂಖ್ಯೆ ಮಾತಾಡುತ್ತದೆ.

137 ಎಂದರೆ ಹೊರಗಿನಿಂದ ಕೊಂದದ್ದು, ಹೆಚ್ಚಾಗಿ ಮೆಮೊರಿ ಸಾಲದೆ. ಮ್ಯಾಕ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ತನ್ನ ಒಳಯಂತ್ರಕ್ಕೆ ಮೆಮೊರಿಯ ಒಂದು ಭಾಗವನ್ನಷ್ಟೇ ಕೊಡುತ್ತದೆ; 8 ಜಿಬಿ ಯಂತ್ರದಲ್ಲಿ ಅದು ಬೇಗ ತುಂಬುತ್ತದೆ. ಸೆಟ್ಟಿಂಗ್‌ನ ರಿಸೋರ್ಸಸ್‌ನಲ್ಲಿ ಹೆಚ್ಚಿಸಿ ನೋಡಿ. ಇದು ಪ್ರೊಸೆಸರ್ ಜಾತಿಯ ದೋಷವಲ್ಲ.

132 ಎಂದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’: ಜಾತಿ ಸರಿಯಿದೆ, ಆದರೆ ಪ್ರೋಗ್ರಾಂ ಕೇಳುತ್ತಿರುವ ಹೊಸ ಆದೇಶ ನಿಮ್ಮ ಪ್ರೊಸೆಸರಿಗೆ ಬರುವುದಿಲ್ಲ. ಹೆಸರಾಂತ ಉದಾಹರಣೆ ಮೊಂಗೊಡಿಬಿ. 5.0 ಮತ್ತು ಮುಂದಿನವು ಆರ್ಮ್‌ವಿ8.2-ಎ ಬೇಡುತ್ತವೆ. ಪೈ 4ರಲ್ಲಿರುವ ಕಾರ್ಟೆಕ್ಸ್-ಎ72ಗೆ ಅಷ್ಟು ಶಕ್ತಿಯಿಲ್ಲ, ಪೈ 5ರ ಕಾರ್ಟೆಕ್ಸ್-ಎ76ಗೆ ಇದೆ. ಯಾವ ಸೆಟ್ಟಿಂಗ್ ತಿರುವಿದರೂ ಇದು ಸರಿಹೋಗುವುದಿಲ್ಲ. ಯಂತ್ರ ಬದಲಿಸಬೇಕು ಅಥವಾ ಮೊಂಗೊವನ್ನು ಬೇರೆ ಕಡೆ ಇಡಬೇಕು.

139 ಸೆಗ್ಮೆಂಟೇಷನ್ ಫಾಲ್ಟ್. ಎಎಂಡಿ64 ಇಮೇಜ್ ಎಮ್ಯುಲೇಷನ್‌ನಲ್ಲಿ ನಡೆಯುತ್ತಿದ್ದಾಗ ಇದು ಬಂದರೆ ಕಾರಣ ಹುಡುಕುತ್ತ ಕೂರಬೇಡಿ. ಆರ್ಮ್ ಆವೃತ್ತಿಗೆ ಹೋಗುವುದೇ ಪರಿಹಾರ. ಆರ್ಮ್ ಇಮೇಜಿನಲ್ಲೇ ಬಂದರೆ ಮಾತ್ರ ಅದು ತಂತ್ರಾಂಶದ ದೋಷವಿರಬಹುದು, ಅದನ್ನು ಬರೆದವರಿಗೆ ತಿಳಿಸಿ.

ಪೈ 5 ಕೊಂಡವರಿಗೆ ಇನ್ನೊಂದು ವಿಚಿತ್ರ. ಲಾಗಿನಲ್ಲಿ ‘ಜೆಮ್ಯಾಲಕ್: ಅನ್‌ಸಪೋರ್ಟೆಡ್ ಸಿಸ್ಟಮ್ ಪೇಜ್ ಸೈಜ್’ ಎಂದು ಬರೆದು ಕಂಟೇನರ್ ಸತ್ತಿರುತ್ತದೆ. ಪೈ 5ರ ಕರ್ನಲ್ ಮೆಮೊರಿಯನ್ನು 16 ಕೆಬಿ ಪುಟಗಳಾಗಿ ಹಂಚುತ್ತದೆ. 4 ಕೆಬಿ ಪುಟವೆಂದೇ ನಂಬಿ ಬಿಲ್ಡ್ ಮಾಡಿದ ಪ್ರೋಗ್ರಾಂಗಳು ಅಲ್ಲಿ ನಿಲ್ಲವು. ‘ಗೆಟ್‌ಕಾನ್ಫ್ ಪೇಜ್‌ಸೈಜ್’ ಕೇಳಿದರೆ (ಇಲ್ಲಿ ಎರಡನೆಯ ಪದ ಮಾತ್ರ ದೊಡ್ಡಕ್ಷರದಲ್ಲಿ) 16384 ಎಂದು ಬರುತ್ತದೆ. ಮೊದಲು ಇಮೇಜಿನ ಹೊಸ ಆವೃತ್ತಿ ಪ್ರಯತ್ನಿಸಿ. ಆಗದಿದ್ದರೆ ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರಿನ ‘ಕಾನ್ಫಿಗ್’ ಪಠ್ಯ ಫೈಲಿಗೆ ‘ಕರ್ನಲ್=ಕರ್ನಲ್8.ಐಎಂಜಿ’ ಎಂಬ ಸಾಲು ಸೇರಿಸಿ ರೀಬೂಟ್ ಮಾಡಿ. 4 ಕೆಬಿ ಕರ್ನಲ್ ಏಳುತ್ತದೆ. ತಿದ್ದುವ ಮೊದಲು ಆ ಫೈಲಿನ ನಕಲು ಇಡಿ. ತಪ್ಪಾಗಿ ಪೈ ಏಳದೇ ಹೋದರೆ ಕಾರ್ಡನ್ನು ಬೇರೆ ಕಂಪ್ಯೂಟರಿಗೆ ಹಾಕಿ ಸರಿಪಡಿಸಬಹುದು.

## ಲಕ್ಷಣ: ಬಿಲ್ಡ್ ಮುಗಿಯುವುದೇ ಇಲ್ಲ

‘ಪಿಪ್ ಇನ್‌ಸ್ಟಾಲ್’ ‘ಬಿಲ್ಡಿಂಗ್ ವೀಲ್’ ಎಂಬಲ್ಲಿ ನಿಂತು ಫ್ಯಾನ್ ಸದ್ದು ಮಾಡುತ್ತಿದ್ದರೆ, ಆ ಪ್ಯಾಕೇಜಿನ ಆ ಆವೃತ್ತಿಗೆ ಆರ್ಮ್‌ನ ಸಿದ್ಧ ಕಟ್ಟು ಇಲ್ಲ, ಮೂಲದಿಂದಲೇ ಕಂಪೈಲ್ ಆಗುತ್ತಿದೆ ಎಂದರ್ಥ. ಪಿಪ್ ಅನ್ನೇ ಮೊದಲು ಹೊಸದು ಮಾಡಿ, 19.3ಕ್ಕಿಂತ ಹಳೆಯದಕ್ಕೆ ಆರ್ಮ್‌ನ ಸಿದ್ಧ ಕಟ್ಟುಗಳ ಗುರುತೇ ಇಲ್ಲ. ಆಮೇಲೆ ಪ್ಯಾಕೇಜಿನ ಆವೃತ್ತಿ ಏರಿಸಿ. ಆಲ್ಪೈನ್ ಬಳಸುತ್ತಿದ್ದರೆ ಸ್ಲಿಮ್‌ಗೆ ಬನ್ನಿ. ಹತ್ತಾರು ಎಂಬಿ ಉಳಿಸಲು ಹೋಗಿ ಗಂಟೆಗಟ್ಟಲೆ ಕಂಪೈಲ್ ಕಾಯುವುದರಲ್ಲಿ ಲಾಭವಿಲ್ಲ.

ನೋಡ್ ಬಳಸುವವರಿಗೆ ‘ಇನ್‌ವ್ಯಾಲಿಡ್ ಎಲ್ಫ್ ಹೆಡರ್’ ಬಂದರೆ, ಮ್ಯಾಕ್‌ನಲ್ಲಿ ತಯಾರಾದ ‘ನೋಡ್ ಮಾಡ್ಯೂಲ್ಸ್’ ಫೋಲ್ಡರ್ ಕಂಟೇನರಿನ ಒಳಗೆ ನುಸುಳಿದೆ. ಅದನ್ನು ‘ಡಾಕರ್‌ಇಗ್ನೋರ್’ ಫೈಲಿಗೆ ಸೇರಿಸಿ, ಕಂಟೇನರ್ ಒಳಗೇ ಹೊಸದಾಗಿ ಇನ್‌ಸ್ಟಾಲ್ ಮಾಡಿ.

## ಲಕ್ಷಣ: ಬೆಳಿಗ್ಗೆ ಸರಿ, ಮಧ್ಯಾಹ್ನ ಮಕಾಡೆ

ಇದನ್ನು ಹೊರಗಿನ ಕೈಪಿಡಿಗಳು ಬರೆಯುವುದಿಲ್ಲ, ನಮ್ಮ ಕಡೆ ಬರೆಯಲೇಬೇಕು. ಕಲಬುರಗಿ, ಯಾದಗಿರಿಗಳಲ್ಲಿ ಏಪ್ರಿಲ್-ಮೇ ಬಂತೆಂದರೆ ಹೊರಗೆ 40 ಡಿಗ್ರಿ ದಾಟುವುದು ಸಾಮಾನ್ಯ. ತಗಡಿನ ಸೂರಿನ ಕೋಣೆಯಲ್ಲಿ ಇನ್ನೂ ಹೆಚ್ಚು. ಪೈ ಪ್ರೊಸೆಸರ್ 80 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, 85ರ ಹತ್ತಿರ ಇನ್ನಷ್ಟು. ಬೆಳಿಗ್ಗೆ ಹತ್ತಕ್ಕೆ ಚುರುಕಾಗಿದ್ದ ಕಂಟೇನರ್ ಮೂರಕ್ಕೆ ಟೈಮ್‌ಔಟ್ ಆಗಿ ಬೀಳುವುದು ಹೀಗೆ.

‘ವಿಸಿಜೆನ್‌ಸಿಎಂಡಿ ಮೆಷರ್_ಟೆಂಪ್’ ಬಿಸಿ ಹೇಳುತ್ತದೆ. ಅದೇ ಕಮಾಂಡಿಗೆ ‘ಗೆಟ್_ಥ್ರಾಟಲ್ಡ್’ ಕೊಟ್ಟರೆ ಒಂದು ಸಂಕೇತ ಬರುತ್ತದೆ. ‘0ಎಕ್ಸ್0’ ಎಂದರೆ ಎಲ್ಲ ಸರಿ. ‘0ಎಕ್ಸ್50000’ ಎಂದರೆ ಪೈ ಚಾಲೂ ಆದ ಮೇಲೆ ಯಾವಾಗಲೋ ವೋಲ್ಟೇಜ್ ಕುಸಿದಿತ್ತು, ವೇಗವೂ ಇಳಿದಿತ್ತು. ‘0ಎಕ್ಸ್50005’ ಎಂದರೆ ಈ ಗಳಿಗೆಯಲ್ಲೂ ಹಾಗೇ ಇದೆ. ವೋಲ್ಟೇಜ್ ಕುಸಿತಕ್ಕೆ ಹೆಚ್ಚಾಗಿ ಕಾರಣ ಮೊಬೈಲ್ ಚಾರ್ಜರ್ ಅಥವಾ ತೆಳು ಕೇಬಲ್. ಪೈ 4ಕ್ಕೆ 3 ಆಂಪಿಯರ್, ಪೈ 5ಕ್ಕೆ 5 ಆಂಪಿಯರ್ ಕೊಡುವ ಅದರದೇ ಅಡಾಪ್ಟರ್ ಬೇಕು. ಫ್ಯಾನ್ ಇರುವ ಡಬ್ಬಿ, ಗೋಡೆಯ ನೆರಳಿನ ಕಡೆ ಜಾಗ, ಚಿಕ್ಕ ಯುಪಿಎಸ್, ಮೆಮೊರಿ ಕಾರ್ಡಿನ ಬದಲು ಎಸ್‌ಎಸ್‌ಡಿ: ಇವಕ್ಕೆ ಹಾಕಿದ ದುಡ್ಡು ವ್ಯರ್ಥವಾಗುವುದಿಲ್ಲ.

ದಾಲ್ ಮಿಲ್ಲಿನಲ್ಲಿ ತೊಗರಿಯ ನುಣ್ಣನೆ ಧೂಳು ಫ್ಯಾನಿನಲ್ಲಿ ಗಟ್ಟಿ ಕೂತಿರುತ್ತದೆ. ಯಂತ್ರವನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಮೆತ್ತನೆಯ ಬ್ರಶ್‌ನಿಂದ ತೆಗೆಯಿರಿ. ಮಿಲ್ಲಿನ ಕಂಪ್ರೆಸರ್ ಗಾಳಿ ಹಿಡಿಯಬೇಡಿ, ಅದರಲ್ಲಿ ನೀರಿನ ಪಸೆ ಇರುತ್ತದೆ.

ಇಲ್ಲಿ ನಿಲ್ಲಿಸಬೇಕಾದ ಗೆರೆ ಸ್ಪಷ್ಟ. ಲೋಹದ ಡಬ್ಬಿ ಮುಟ್ಟಿದರೆ ಜುಮ್ ಎನ್ನುತ್ತದೆ, ಅಡಾಪ್ಟರ್ ಸುಟ್ಟ ವಾಸನೆ ಬರುತ್ತದೆ, ಲ್ಯಾಪ್‌ಟಾಪಿನ ತಳ ಉಬ್ಬಿದೆ: ಮೂರರಲ್ಲಿ ಯಾವುದಾದರೂ ಒಂದು ಕಂಡರೂ ಡಾಕರ್ ಮರೆತುಬಿಡಿ. ಮೊದಲ ಎರಡಕ್ಕೆ ಮೇನ್ ಸ್ವಿಚ್ ತೆಗೆದು ಎಲೆಕ್ಟ್ರಿಷಿಯನ್ ಕರೆಯಿರಿ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಯಂತ್ರ ಆಫ್ ಮಾಡಿ ಸರ್ವಿಸ್ ಸೆಂಟರಿಗೆ ಒಯ್ಯಿರಿ.

## ಡೇಟಾಬೇಸ್ ಸ್ಥಳಾಂತರಿಸಿದ ಮೇಲೆ ಬರುವ ತೊಂದರೆ

ಹಳೆಯ ಇಂಟೆಲ್ ಯಂತ್ರದ ಪೋಸ್ಟ್‌ಗ್ರೆಸ್ ವಾಲ್ಯೂಮನ್ನು ಫೋಲ್ಡರ್ ಸಮೇತ ಆರ್ಮ್ ಯಂತ್ರಕ್ಕೆ ನಕಲು ಮಾಡಿ ಚಾಲೂ ಮಾಡುವವರಿದ್ದಾರೆ. ಕೆಲವೊಮ್ಮೆ ಏಳುತ್ತದೆ ಕೂಡ, ಅದೇ ಭಯ. ಪ್ರೊಸೆಸರ್ ಜಾತಿ ಬದಲಾದಾಗ ಕಡತಗಳು ಹೊಂದುತ್ತವೆ ಎಂಬ ಭರವಸೆಯನ್ನು ಪೋಸ್ಟ್‌ಗ್ರೆಸ್ ಕೊಡುವುದಿಲ್ಲ. ಹಳೆಯ ಯಂತ್ರದಲ್ಲಿ ‘ಪಿಜಿ_ಡಂಪ್’, ಹೊಸದರಲ್ಲಿ ರಿಸ್ಟೋರ್. ಹೊಸದರಲ್ಲಿ ಕೆಲವು ದಿನದ ಲೆಕ್ಕ ತಾಳೆಯಾಗುವವರೆಗೆ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಡಿ.

## ರಿಸ್ಕ್-ಫೈವ್ ಬೋರ್ಡ್ ತಂದವರಿಗೆ

ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗ ಪ್ರೊಸೆಸರ್‌ಗಳ ಸುದ್ದಿ ಓದಿ ಕಾಲೇಜುಗಳಲ್ಲಿ ರಿಸ್ಕ್-ಫೈವ್ ಬೋರ್ಡ್ ಬಗ್ಗೆ ಉತ್ಸಾಹ ಇದೆ. ಮೇಲಿನ ತಪಾಸಣೆಗಳೆಲ್ಲ ಇಲ್ಲೂ ಸಲ್ಲುತ್ತವೆ, ಯಂತ್ರದ ಹೆಸರು ಮಾತ್ರ ‘ರಿಸ್ಕ್‌ವಿ64’. ಡೆಬಿಯನ್ ಇದನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಲ್ಲಿ. ತಳದ ಇಮೇಜ್‌ಗಳು ಸಿಗುತ್ತವೆ, ಅದರ ಮೇಲಿನದನ್ನು ಹೆಚ್ಚಾಗಿ ನೀವೇ ಬಿಲ್ಡ್ ಮಾಡಿಕೊಳ್ಳಬೇಕು. ಕಲಿಯಲು ಸೊಗಸು. ಪ್ರಾಜೆಕ್ಟ್ ಸಲ್ಲಿಕೆಗೆ ಹತ್ತು ದಿನ ಉಳಿದಿದ್ದರೆ ಬೇಡ.

## ಯಾವಾಗ ಬೇರೆಯವರನ್ನು ಕೇಳಬೇಕು

ಮೂರು ಕಡೆಯ ಉತ್ತರವೂ ಒಂದೇ ಇದೆ, ಎಕ್ಸಿಟ್ ಕೋಡ್ 137 ಅಲ್ಲ, ಬಿಸಿ-ವೋಲ್ಟೇಜ್ ಸರಿಯಿದೆ, ಅದೇ ಇಮೇಜ್ ಇನ್ನೊಂದು ಆರ್ಮ್ ಯಂತ್ರದಲ್ಲೂ ಬೀಳುತ್ತದೆ ಎಂದಾದರೆ ದೋಷ ಇಮೇಜಿನದು. ಅದನ್ನು ನಿರ್ವಹಿಸುವವರಿಗೆ ಬರೆಯಿರಿ. ಡೇಟಾಬೇಸ್ ಲಾಗಿನಲ್ಲಿ ‘ಕರಪ್ಟ್’ ಎಂಬ ಪದ ಕಂಡರೆ ಒಂದನ್ನೂ ಪ್ರಯೋಗ ಮಾಡದೆ ಅಲ್ಲೇ ನಿಲ್ಲಿಸಿ, ಡಿಸ್ಕಿನ ನಕಲು ತೆಗೆದು, ಬಲ್ಲವರಿಗೆ ತೋರಿಸಿ.

ಕೇಳುವಾಗ “ಆಗವಲ್ದು ಸರ್, ಸ್ವಲ್ಪ ನೋಡ್ರಿ” ಎಂದಷ್ಟೇ ಬರೆದು ಮೊಬೈಲಿನಲ್ಲಿ ಹೊಡೆದ ಪರದೆಯ ಫೋಟೋ ಕಳಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಯುನೇಮ್’ ಉತ್ತರ, ಇಮೇಜಿನ ಪೂರ್ತಿ ಹೆಸರು ಮತ್ತು ಟ್ಯಾಗ್, ಅದರ ಆರ್ಕಿಟೆಕ್ಚರ್ ಸಾಲು, ಎಕ್ಸಿಟ್ ಕೋಡ್, ಲಾಗಿನ ಕೊನೆಯ ಮೂವತ್ತು ಸಾಲು, ಇಷ್ಟನ್ನು ಪಠ್ಯವಾಗಿಯೇ ಕಳಿಸಿ. ‘ಡಾಕರ್ ಇನ್‌ಸ್ಪೆಕ್ಟ್’ನ ಪೂರ್ತಿ ಉತ್ತರವನ್ನು ಮಾತ್ರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಅದರ ‘ಎನ್ವ್’ ಭಾಗದಲ್ಲಿ ನಿಮ್ಮ ಡೇಟಾಬೇಸಿನ ಪಾಸ್‌ವರ್ಡ್ ಬಿಚ್ಚಿಟ್ಟ ಹಾಗೇ ಇರುತ್ತದೆ.